ನಮ್ಮ ಬೇಲಿಯಲ್ಲಿ ಬದುಕುವ ಕಾಡುಪಾಪ



ಲೆಮೂರ್ ಎಂಬ ಪ್ರಾಣಿಯನ್ನು ನಿಮ್ಮಲ್ಲಿ ಅನೇಕರು ಟಿ.ವಿ.ಯಲ್ಲಿ ನೋಡಿರುತ್ತೀರಿ. ಅದರ ತವರು ಆಫ್ರಿಕಾದ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪ. ನಾನು ಇಂದು ಹೇಳಹೊರಟಿರುವುದು ಅದರ ದಾಯಾದಿಯೊಂದರ ವಿಷಯ. ಅದನ್ನು ನೋಡಲು ಹಡಗು ಹತ್ತಬೇಕಾಗಿಲ್ಲ. ನಮ್ಮ ತುಮಕೂರಿನ ಸುತ್ತಮುತ್ತಲ ಹಳ್ಳಿಗಳ ಬೇಲಿಸಾಲಿನಲ್ಲಿಯೇ ಅದು ಇದೆ. ಹೆಸರು ಕಾಡುಪಾಪ. ಇಂಗ್ಲಿಷಿನಲ್ಲಿ ಸ್ಲೆಂಡರ್ ಲೋರಿಸ್ ಎನ್ನುತ್ತಾರೆ. 'ಪಾಪ' ಎಂದರೆ ಇಲ್ಲಿ ಮಗು. ಅದರ ಪಾಡು ನೋಡಿದರೆ ಆ ಪದದ ಉಳಿದ ಅರ್ಥಗಳೂ ನೆನಪಾಗುತ್ತವೆ.

ಗೇಣುದ್ದದ ಮೈ, ಬಾಲವಿಲ್ಲ, ತೂಕ ಸುಮಾರು 250ರಿಂದ 300 ಗ್ರಾಂ, ಅಂದರೆ ಎರಡು ಸಣ್ಣ ಸೇಬಿನಷ್ಟು. ಬೂದುಬಣ್ಣದ ತುಪ್ಪಳ, ಕಡ್ಡಿಯಂಥ ಕೈಕಾಲು, ಮುಖದ ತುಂಬ ಎರಡು ದುಂಡು ಕಣ್ಣು. ಈ ಕಣ್ಣುಗಳ ಹಿಂಬದಿಯಲ್ಲಿ ಕನ್ನಡಿಯಂಥ ಪದರವಿದ್ದು, ಇರುಳಿನ ಅಲ್ಪ ಬೆಳಕನ್ನೂ ಎರಡು ಬಾರಿ ಬಳಸಿಕೊಳ್ಳುತ್ತದೆ. ನಾಯಿಗಿರುವಂತೆ ಒದ್ದೆ ಮೂಗು. ಅಂಗೈಯ ರಚನೆಯೂ ವಿಶೇಷ: ತೋರುಬೆರಳು ಗಿಡ್ಡವಾಗಿ, ಹೆಬ್ಬೆರಳು ಎದುರು ದಿಕ್ಕಿಗೆ ಚಾಚಿ, ಇಕ್ಕಳದ ಹಿಡಿತ ಸಿಗುತ್ತದೆ. ಕೈಕಾಲಿನ ರಕ್ತನಾಳಗಳು ಸಣ್ಣ ಸಣ್ಣ ಕವಲುಗಳಾಗಿ ಹೆಣೆದುಕೊಂಡಿರುವುದರಿಂದ ಕೊಂಬೆಯನ್ನು ಗಂಟೆಗಟ್ಟಲೆ ಹಿಡಿದಿದ್ದರೂ ಅದಕ್ಕೆ ದಣಿವಾಗದು.

ಹಗಲೆಲ್ಲ ಮುಳ್ಳುಪೊದೆಯಲ್ಲಿ ಒಂದನ್ನೊಂದು ಅಪ್ಪಿಕೊಂಡು ಮುದ್ದೆಯಾಗಿ ನಿದ್ರೆ. ಕತ್ತಲಾದ ಮೇಲೆ ಒಂಟಿಯಾಗಿ ಬೇಟೆ. ಇರುವೆ, ಜೀರುಂಡೆ, ಮಿಡತೆ, ಬೇರೆ ಪ್ರಾಣಿಗಳು ಮುಟ್ಟದ ಕಟುವಾಸನೆಯ ಹುಳುಗಳು ಇದರ ಆಹಾರ. ಜಾಲಿಯ ಅಂಟನ್ನೂ ನೆಕ್ಕುತ್ತದೆ. ರೈತನಿಂದ ಒಂದು ಕಾಳನ್ನೂ ಕೇಳದೆ ಹುಳು ತಿನ್ನುವ ಇಂಥ ಕೂಲಿಯಾಳು ಬೇರೆ ಸಿಕ್ಕೀತೇ? ಐದೂವರೆ ತಿಂಗಳು ಗರ್ಭ ಧರಿಸಿ ಒಂದೋ ಎರಡೋ ಮರಿ ಹಾಕುತ್ತದೆ. ಮರಿಗೆ ಕೆಲವು ವಾರಗಳಾದ ಮೇಲೆ ತಾಯಿ ಅದನ್ನು ಕೊಂಬೆಯೊಂದರಲ್ಲಿ ಕೂರಿಸಿ ಮೇವಿಗೆ ಹೋಗುತ್ತದೆ. ಮರಿ ಅಲ್ಲಿಯೇ ಕಾದಿರುತ್ತದೆ. ಇದನ್ನು ಅರಿಯದವರು 'ತಬ್ಬಲಿ ಮರಿ' ಎಂದು ಮನೆಗೆ ತಂದುಬಿಡುತ್ತಾರೆ.

ಅಪಾಯ ಬಂದರೆ ಕಾಡುಪಾಪ ಓಡುವುದಿಲ್ಲ, ಇದ್ದಲ್ಲಿಯೇ ಕಲ್ಲಿನಂತೆ ನಿಂತುಬಿಡುತ್ತದೆ. ಗೂಬೆಯ ಕಣ್ಣು ತಪ್ಪಿಸಲು ಈ ಉಪಾಯ ಸಾಕು. ಆದರೆ ಲಾರಿಯ ದೀಪದ ಮುಂದೆ, ಮನುಷ್ಯನ ಕೈಯ ಮುಂದೆ ಇದೇ ಅದರ ಸಾವು. ಹೆಚ್ಚು ದೂರ ಜಿಗಿಯಲಾರದ ಪ್ರಾಣಿಗೆ ಕೊಂಬೆಗೆ ಕೊಂಬೆ ತಾಗಿರಬೇಕು. ಹುಣಸೆ, ಹೊಂಗೆ, ಜಾಲಿ, ಕಳ್ಳಿ, ಬಿದಿರು ಬೆರೆತ ಹಳೆಯ ಜೀವಂತ ಬೇಲಿಯೇ ಅದರ ಹೆದ್ದಾರಿ. ಆ ಬೇಲಿ ಕಡಿದು ಕಲ್ಲುಕಂಬಕ್ಕೆ ಮುಳ್ಳುತಂತಿ ಬಿಗಿದರೆ ಹೆದ್ದಾರಿ ತುಂಡಾಯಿತು. ನೆಲಕ್ಕಿಳಿದರೆ ನಾಯಿ, ರಸ್ತೆ ದಾಟಿದರೆ ಚಕ್ರ, ವಿದ್ಯುತ್ ತಂತಿ ಹಿಡಿದರೆ ಆಘಾತ. ಗುಬ್ಬಿ, ಕುಣಿಗಲ್ ಕಡೆಯ ರಸ್ತೆಗಳು ಅಗಲವಾದಾಗ ಸಾಲುಮರಗಳ ನೆರಳು ಹೋಯಿತೆಂದು ನಾವು ಮರುಗಿದೆವು. ಎರಡು ಬದಿಯ ಕೊಂಬೆಗಳು ಮೇಲೆ ಕೂಡಿ ಕಟ್ಟಿದ್ದ ಸೇತುವೆಯೂ ಹೋಯಿತೆಂಬುದು ಯಾರ ಗಮನಕ್ಕೂ ಬರಲಿಲ್ಲ.

ಇದರ ಮೇಲೆ ಮೂಢನಂಬಿಕೆ ಬೇರೆ. ಮಾಟಕ್ಕೆ ಬೇಕು, ಕಣ್ಣಿನ ಔಷಧಿಗೆ ಬೇಕು ಎಂದು ಹಿಡಿದು ಹಿಂಸಿಸುವವರಿದ್ದಾರೆ. ಈ ಔಷಧಿಯ ಮಾತಿಗೆ ವೈದ್ಯಕೀಯದಲ್ಲಿ ಯಾವ ಆಧಾರವೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಈ ಪ್ರಾಣಿ ಇದೆ. ಅಂದರೆ ಹುಲಿಗಿರುವ ರಕ್ಷಣೆಯೇ ಇದಕ್ಕೂ. ಹಿಡಿದರೂ ಕೊಂದರೂ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ.

ತುಮಕೂರು ತಾಲ್ಲೂಕಿನ ನಾಗವಲ್ಲಿಯ ಹೆಸರು ವನ್ಯಜೀವಿ ಆಸಕ್ತರಿಗೆಲ್ಲ ಗೊತ್ತು. ಅಲ್ಲಿ ವಿಜ್ಞಾನ ಶಿಕ್ಷಕರಾಗಿದ್ದ ಬಿ.ವಿ. ಗುಂಡಪ್ಪನವರು ಊರಿನ ಸುತ್ತಲ ಕಾಡುಪಾಪಗಳನ್ನು ಗಮನಿಸಿ, ಮಕ್ಕಳಿಗೆ, ಊರವರಿಗೆ ಅವುಗಳ ಪರಿಚಯ ಮಾಡಿಸಿದರು. ದೊಡ್ಡ ಪ್ರಯೋಗಾಲಯ ಬೇಕಾಗಲಿಲ್ಲ ನೋಡಿ. ಒಬ್ಬ ಮೇಷ್ಟ್ರು, ಒಂದು ಹಳ್ಳಿ. ನೆರೆಯ ತಮಿಳುನಾಡು 2022ರಲ್ಲಿ ಕರೂರು ಮತ್ತು ದಿಂಡಿಗಲ್ ಜಿಲ್ಲೆಗಳ 11,806 ಹೆಕ್ಟೇರ್ ಕಾಡನ್ನು ಕಾಡುಪಾಪಕ್ಕೆಂದೇ ಅಭಯಾರಣ್ಯವಾಗಿ ಘೋಷಿಸಿತು. ಸಂತೋಷದ ಸಂಗತಿಯೇ. ಆದರೆ ನಮ್ಮಲ್ಲಿ ಅದು ಅನೇಕ ಕಡೆ ಇರುವುದು ಖಾಸಗಿ ತೋಟದ ಅಂಚಿನಲ್ಲಿ. ಅಲ್ಲಿ ಸರ್ಕಾರದ ಆಜ್ಞೆಗಿಂತ ತೋಟದ ಮಾಲೀಕರ ಮನಸ್ಸೇ ದೊಡ್ಡದು. ಈ ಸಭೆಯಲ್ಲಿ ತೋಟ, ಜಮೀನು ಇರುವ ಹಿರಿಯರಿದ್ದೀರಿ. ತಂತಿ ಹಾಕಲೇಬೇಕಾದರೆ ಹಾಕಿ, ಆದರೆ ಹಳೆಯ ಬೇಲಿಯ ಒಳಮಗ್ಗುಲಿಗೆ ಹಾಕಿ. ಬೇಲಿ ಹಾಗೆಯೇ ಇರಲಿ.

ವಿದ್ಯಾರ್ಥಿಗಳು ಊರಿಗೆ ಹೋದಾಗ ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು, ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿ, ಬೇಲಿಯತ್ತ ನಿಧಾನವಾಗಿ ಹಾಯಿಸಿ. ಕೆಂಡದ ಬಣ್ಣದ ಎರಡು ಚುಕ್ಕೆಗಳು ಜೊತೆಯಾಗಿ ಹೊಳೆದರೆ ಕಾಡುಪಾಪವಿರಬಹುದು. ಒಂದೆರಡು ನಿಮಿಷ ನೋಡಿ, ದೀಪ ಆರಿಸಿ. ಗಾಯಗೊಂಡದ್ದು ಸಿಕ್ಕರೆ ಹಾಲು ಕುಡಿಸಲು ಹೋಗದೆ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆ ಮಾಡಿ ಇಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಕೊಂಬೆಯಲ್ಲಿ ಒಂಟಿಯಾಗಿ ಕುಳಿತ ಮರಿ ಕಂಡರೆ ಮಾತ್ರ ಮುಟ್ಟಬೇಡಿ. ಅದರ ತಾಯಿ ಬೆಳಗಾಗುವುದರೊಳಗೆ ಬರುತ್ತದೆ.