ಹೃದಯದ ಕಾವಲು, ದೇವರ ಭರವಸೆ

(ಶತಮಾನೋತ್ಸವದ ಸಿದ್ಧತೆಗಾಗಿ ನಡೆದ ಧ್ಯಾನಕೂಟದಲ್ಲಿ ಮಾಡಿದ ಪ್ರವಚನ)



ನೂರು ವರ್ಷಗಳಿಂದ ಈ ದೇವಾಲಯವನ್ನು ನಮ್ಮ ಹಿರಿಯರು ಭಕ್ತಿಯಿಂದ ಕಾಯ್ದುಕೊಂಡು ಬಂದಿದ್ದಾರೆ. ದೇವರು ವಾಸಿಸಲು ಬಯಸುವ ಮತ್ತೊಂದು ಆಲಯವೂ ಉಂಟು. ಅದು ನಮ್ಮ ಹೃದಯ. ಮನುಷ್ಯನನ್ನು ಮಲಿನಗೊಳಿಸುವುದು ಹೊರಗಿನಿಂದ ಒಳಹೋಗುವುದಲ್ಲ, ಹೃದಯದೊಳಗಿಂದ ಹೊರಡುವುದೇ ಎಂದು ಪ್ರಭು ಯೇಸು ಬೋಧಿಸಿದರು. ಹಾಗಿರುವಲ್ಲಿ ಆ ಹೃದಯವನ್ನು ನಾವು ಕಾಯುವುದು ಹೇಗೆ?

ಈ ಪಾಠವನ್ನು ಬಹು ಕಷ್ಟದಿಂದ ಕಲಿತವರು ಲೊಯೋಲದ ಸಂತ ಇನ್ನಾಸಿಯವರು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಇನ್ನಾಸಪ್ಪನೆಂದು ಹೆಸರಿಡುವುದು ಇವರ ನೆನಪಿನಲ್ಲಿಯೇ. 1521ರ ಮೇ ತಿಂಗಳಿನಲ್ಲಿ ಸ್ಪೇನ್ ದೇಶದ ಪಾಂಪ್ಲೋನಾ ಕೋಟೆಯ ಕದನದಲ್ಲಿ ಫಿರಂಗಿಯ ಗುಂಡು ತಗುಲಿ ಅವರ ಕಾಲು ಮುರಿಯಿತು. ಹಾಸಿಗೆ ಹಿಡಿದ ಆ ಯೋಧ ವೀರರ ಕಥೆಗಳನ್ನು ಬೇಡಿದರು. ಮನೆಯಲ್ಲಿದ್ದುದು ಕ್ರಿಸ್ತಚರಿತ್ರೆ ಮತ್ತು ಸಂತರ ಚರಿತ್ರೆಗಳು ಮಾತ್ರ. ಓದು ನಿಲ್ಲಿಸಿದಾಗ ಮನಸ್ಸು ಒಮ್ಮೆ ಲೋಕದ ಕೀರ್ತಿಯತ್ತ, ಒಮ್ಮೆ ಸಂತರ ಮಾರ್ಗದತ್ತ ಹರಿಯುತ್ತಿತ್ತು. ಎರಡೂ ಆ ಕ್ಷಣಕ್ಕೆ ಇಂಪಾಗಿಯೇ ಇದ್ದವು. ಆದರೆ ಮೊದಲನೆಯದು ಸರಿದುಹೋದ ಮೇಲೆ ಮನಸ್ಸು ಬರಡಾಗುತ್ತಿತ್ತು. ಎರಡನೆಯದು ಹೋದ ಮೇಲೂ ಸಂತೋಷ ಉಳಿಯುತ್ತಿತ್ತು. ಈ ಭೇದವನ್ನು ಒಂದು ದಿನ ಅವರು ಕಂಡುಕೊಂಡರು. ಹೃದಯದ ಕಾವಲೆಂದರೆ ಇದೇ: ಒಳಗೆ ಬಂದ ಯೋಚನೆ ಹೋಗುವಾಗ ಏನನ್ನು ಬಿಟ್ಟುಹೋಗುತ್ತದೆಂದು ಗಮನಿಸುವುದು.

ಆದರೆ ಕಾವಲೊಂದೇ ಸಾಲದು. 1522ರಲ್ಲಿ ಇನ್ನಾಸಿಯವರು ಮನ್ರೇಸ ಎಂಬ ಊರಿಗೆ ಬಂದು ಕಠಿಣ ತಪಸ್ಸನ್ನು ಕೈಗೊಂಡರು. ಮಾಡಿದ ಪಾಪನಿವೇದನೆ ಪೂರ್ಣವಾಯಿತೋ ಇಲ್ಲವೋ ಎಂಬ ಶಂಕೆ ಅವರನ್ನು ಹಿಡಿಯಿತು. ನಿವೇದಿಸಿದ್ದನ್ನೇ ಮತ್ತೆ ಮತ್ತೆ ನಿವೇದಿಸಿದರೂ ಶಾಂತಿ ದೊರೆಯಲಿಲ್ಲ. ಪ್ರಾಣವನ್ನೇ ಕಳೆದುಕೊಳ್ಳುವ ಶೋಧನೆಯೂ ಅವರಿಗೆ ಬಂದಿತು. ಒಂದು ವಾರ ಅನ್ನಾಹಾರವಿಲ್ಲದೆ ಇದ್ದರು. ಉಪವಾಸ ಮುರಿಯಬೇಕೆಂದು ಪಾಪನಿವೇದನೆ ಕೇಳುವ ಗುರುಗಳು ಆಜ್ಞಾಪಿಸಿದಾಗ ವಿಧೇಯರಾದರು. ಕಡೆಗೆ ಈ ಶಂಕೆ ದೇವರಿಂದ ಬಂದುದಲ್ಲವೆಂದು ಅರಿತು, ಕಳೆದ ಪಾಪಗಳನ್ನು ಇನ್ನು ಕೆದಕುವುದಿಲ್ಲವೆಂದು ನಿಶ್ಚಯಿಸಿದರು. ತಮ್ಮನ್ನು ಬಿಡಿಸಿದ್ದು ದೇವರ ಕರುಣೆಯೇ ಎಂದು ನಂಬಿದರು.

ಪ್ರಿಯರೇ, ನಮ್ಮಲ್ಲಿಯೂ ಇಂಥವರು ಇಲ್ಲವೇ? ಎಂದೋ ಕ್ಷಮೆ ಪಡೆದ ಪಾಪವನ್ನು ನೆನೆದು ಪರಮಪ್ರಸಾದಕ್ಕೆ ಹಿಂಜರಿಯುವವರಿದ್ದಾರೆ. ದೇವರು ಮರೆತ ಲೆಕ್ಕವನ್ನು ನಾವು ಬರೆದಿಟ್ಟುಕೊಳ್ಳುವುದು ದೈನ್ಯವಲ್ಲ, ಅದು ಅಪನಂಬಿಕೆ. ಇನ್ನೊಂದು ಬದಿಯಲ್ಲಿ, ಹೊಲದ ಬದುವಿನ ವ್ಯಾಜ್ಯದಿಂದ ಒಡಹುಟ್ಟಿದವನೊಡನೆ ಮಾತು ಬಿಟ್ಟು, ಆ ಹಗೆಯನ್ನು ಎದೆಯಲ್ಲಿ ಸಾಕಿಕೊಂಡು, ಎಲ್ಲವನ್ನೂ ದೇವರು ನೋಡಿಕೊಳ್ಳುತ್ತಾರೆಂದು ನಿಶ್ಚಿಂತರಾಗಿರುವವರೂ ಇದ್ದಾರೆ. ಭರವಸೆಯಿಲ್ಲದ ಕಾವಲು ಭಯಕ್ಕೆ ಎಳೆಯುತ್ತದೆ. ಕಾವಲಿಲ್ಲದ ಭರವಸೆ ಆಲಸ್ಯವಾಗುತ್ತದೆ.

ಇವೆರಡನ್ನೂ ಕೂಡಿಸುವ ದಾರಿಯನ್ನು ಇನ್ನಾಸಿಯವರೇ ತೋರಿಸಿದ್ದಾರೆ. ಅವರು ಕಲಿಸಿದ ಆತ್ಮಶೋಧನೆಯಲ್ಲಿ ಐದು ಹಂತಗಳಿವೆ. ಮೊದಲನೆಯದು ಪಾಪದ ಲೆಕ್ಕವಲ್ಲ, ಪಡೆದ ಉಪಕಾರಗಳಿಗಾಗಿ ದೇವರಿಗೆ ವಂದನೆ. ಎರಡನೆಯದು ಪಾಪವನ್ನು ಅರಿಯಲು ವರಪ್ರಸಾದದ ಬೇಡಿಕೆ. ಬಳಿಕ ದಿನದ ಆಲೋಚನೆ, ಮಾತು, ಕೃತಿಗಳ ಪರಿಶೀಲನೆ, ನಾಲ್ಕನೆಯದು ಕ್ಷಮಾಯಾಚನೆ, ಕಡೆಯದು ತಿದ್ದಿಕೊಳ್ಳುವ ಸಂಕಲ್ಪ. ಕೃತಜ್ಞತೆಯ ದೀಪವನ್ನು ಹಚ್ಚಿಕೊಂಡು ಒಳಹೊಕ್ಕವನು ತನ್ನ ಹೃದಯದ ಕತ್ತಲೆಗೆ ಹೆದರುವುದಿಲ್ಲ.

ರಾತ್ರಿ ಕುಟುಂಬದ ಜಪಸರ ಮುಗಿದ ಮೇಲೆ ಕೆಲವು ನಿಮಿಷ ಮೌನವಾಗಿದ್ದು ನಾವು ಇದನ್ನು ಅಭ್ಯಾಸಮಾಡೋಣ. ಅರ್ಥವಾಗದ ಸಂಗತಿಗಳನ್ನೂ ಹೃದಯದಲ್ಲಿಟ್ಟುಕೊಂಡು ಮನನ ಮಾಡಿದ ಮಾತೆ ಮರಿಯಮ್ಮನವರು ನಮಗೆ ಆದರ್ಶ. ಅವರು ಹೃದಯವನ್ನು ಕಾಯ್ದರು. ಶಿಲುಬೆಯ ಬುಡದಲ್ಲಿಯೂ ಭರವಸೆಯನ್ನು ಬಿಡಲಿಲ್ಲ.

ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಧರ್ಮಕೇಂದ್ರದಲ್ಲಿ ಕಲ್ಲಿನ ಈ ಆಲಯದೊಡನೆ ಹೃದಯಗಳೆಂಬ ಜೀವಂತ ಆಲಯಗಳೂ ನವೀಕರಣಗೊಳ್ಳಲಿ. ಪಿತನಿಗೂ ಸುತನಿಗೂ ಪವಿತ್ರಾತ್ಮರಿಗೂ ಮಹಿಮೆ ಸಲ್ಲಲಿ. ಆಮೆನ್.