ಬಾಡಿಗೆ ರೂಮಿನ ಅಡ್ವಾನ್ಸ್
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯಾಭ್ಯಾಸದ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ನಾನು ಆರಿಸಿಕೊಂಡಿರುವುದು ಬಾಡಿಗೆ ರೂಮಿನ ಅಡ್ವಾನ್ಸ್ ವಿಷಯ. ನಗಬೇಡಿ. ವಿರೂಪಾಕ್ಷಿಪುರದಿಂದ, ಚನ್ನಪಟ್ಟಣದಿಂದ ಬೆಂಗಳೂರಿಗೆ ಓದಲು ಹೋಗಿ ಹಾಸ್ಟೆಲ್ ಸಿಗದ ಮಕ್ಕಳಿಗೆ ಕಾಲೇಜಿನ ಫೀಸಿಗಿಂತ ಅಡ್ವಾನ್ಸೇ ಭಾರವಾಗುವುದುಂಟು. ಅಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬಹಳ ಹಿಂದಿನದು.

ನಾನು ಬಿ.ಎಡ್. ಓದುವಾಗ ಗೆಳೆಯನೊಂದಿಗೆ ಒಂದು ರೂಮು ಹಿಡಿದೆ. ಬಾಡಿಗೆ 3,500, ಅಡ್ವಾನ್ಸ್ 35,000. ನನ್ನ ಪಾಲಿನ ಹಣ ಅಬ್ಬಾ ರೇಷ್ಮೆಗೂಡು ಮಾರಿ ಕೊಟ್ಟದ್ದು. ನಗದಾಗಿ ಕೊಟ್ಟೆವು. ರಸೀದಿ ಕೇಳಿದರೆ ನಂಬಿಕೆಯಿಲ್ಲವೆಂದು ಮಾಲೀಕರು ಬೇಸರಪಟ್ಟಾರು ಎಂಬ ಸಂಕೋಚ. ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆ, ಸೋರುವ ನಲ್ಲಿಗೆ, ನೋಟಿಸ್ ಕೊಡದ ತಿಂಗಳಿಗೆ ಎಂದು ಕಳೆಯುತ್ತಾ ಹೋದರು. ಮಿಕ್ಕದ್ದು "ಹೊಸಬರು ಬಂದ ಮೇಲೆ" ಎಂದರು. ನಾಲ್ಕು ಸಲ ಬಸ್ಸಿನಲ್ಲಿ ಹೋಗಿ ಬಂದೆ. ಕೊನೆಗೆ ಸಿಕ್ಕಿದ್ದು 22,000. ನೋಟಿಸಿನ ತಪ್ಪು ನಮ್ಮದೇ, ಒಪ್ಪುತ್ತೇನೆ. ಆದರೆ ನಲ್ಲಿ ನಾವು ಹೋಗುವ ಮೊದಲೇ ಸೋರುತ್ತಿತ್ತು. ತೋರಿಸಲು ನಮ್ಮ ಬಳಿ ಏನಿತ್ತು?

ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಅದೇ ಪದ ಕನ್ನಡದ ಕಚೇರಿ ಭಾಷೆಯಲ್ಲಿ ಅಮಾನತು, ಅಂದರೆ ಸಸ್ಪೆಂಡ್ ಆಗುವುದು. ನಮ್ಮ ಹಣಕ್ಕೆ ಎರಡೂ ಅರ್ಥ ಒಂದೇ ವರ್ಷದಲ್ಲಿ ಬಂದವು! ಸಾಲದ ವ್ಯವಹಾರವನ್ನು ಬರೆದಿಡಿ ಎನ್ನುವ ಸೂರೆ ಬಕರಾದ 282ನೇ ಆಯತ್ ಕುರ್‌ಆನಿನ ಅತಿ ಉದ್ದದ ಆಯತ್. ಅದನ್ನು ಓದುವ ನಾವೇ ರಸೀದಿ ಕೇಳಲು ನಾಚುತ್ತೇವೆ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಬಾಡಿಗೆದಾರನು ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಸಹಜ ಬಳಕೆಯ ಸವಕಳಿಗೆ ಅವನು ಹೊಣೆಯಲ್ಲ. ಗೋಡೆಯ ಬಣ್ಣ ಮಾಸುವುದು ಸಹಜ ಸವಕಳಿಯೇ. ಆದರೆ "ಬೇರೆ ಕರಾರು" ಎಂಬ ಮಾತು ಗಮನಿಸಿ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಕಳೆಯಬಹುದೆಂಬ ಸಾಲಿಗೆ ಸಹಿ ಹಾಕಿದ್ದರೆ ಆಮೇಲೆ ವಾದಿಸುವುದು ಕಷ್ಟ. ಆ ಸಾಲನ್ನು ಸಹಿಗೆ ಮೊದಲೇ ಚರ್ಚಿಸಿ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಮೀರಿ ಠೇವಣಿ ಕೂಡದೆಂದು ಕೇಂದ್ರವು 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ರೂಪಿಸಿದೆ. ಅದು ಮಾದರಿ ಮಾತ್ರ, ರಾಜ್ಯ ಅಳವಡಿಸಿಕೊಂಡರಷ್ಟೇ ಅನ್ವಯ.

ಆದ್ದರಿಂದ ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ಮೊತ್ತವನ್ನೂ ಎಷ್ಟು ದಿನದಲ್ಲಿ ವಾಪಸ್ ಎಂಬುದನ್ನೂ ಕರಾರಿನಲ್ಲಿ ಬರೆಸಿ. ಸಾಮಾನು ಇಡುವ ಮೊದಲೇ ಗೋಡೆ, ನಲ್ಲಿ, ಸ್ವಿಚ್ಚು ಎಲ್ಲದರ ಫೋಟೋ ತೆಗೆದು ಮಾಲೀಕರಿಗೂ ಕಳುಹಿಸಿ. ಬಿಡುವಾಗ ನೋಟಿಸನ್ನು ಬರಹದಲ್ಲಿ ಕೊಡಿ, ಕರೆಂಟ್ ಬಿಲ್ಲು ಕಟ್ಟಿದ ರಸೀದಿ ಇಟ್ಟುಕೊಳ್ಳಿ. ಬಿಲ್ಲು ಉಳಿಸಿ ಓಡಿಹೋಗುವ ಹುಡುಗರೂ ಇದ್ದಾರೆ. ಸಭೆಯಲ್ಲಿರುವ ಮನೆ ಮಾಲೀಕರು ತಲೆಯಾಡಿಸುತ್ತಿದ್ದೀರಿ. ಕೀಲಿ ಕೊಡುವ ದಿನ ಇಬ್ಬರೂ ಕೂತು ಲೆಕ್ಕ ಬರೆದು ಸಹಿ ಮಾಡಿ.

ಹಣ ಬಾರದಿದ್ದರೆ ಜಗಳ ಬೇಡ, ಸ್ಪೀಡ್ ಪೋಸ್ಟಿನಲ್ಲಿ ಪತ್ರ ಬರೆಯಿರಿ. ಹಣ ವಸೂಲಿ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇದೆ. ಕಾನೂನು ಸೇವಾ ಸಮಿತಿಗಳಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವು ಸಿಗುತ್ತದೆ.

ಕನ್ನಡದಲ್ಲೂ ಉರ್ದುವಿನಲ್ಲೂ ಒಂದು ಮಾದರಿ ರಸೀದಿ ಬರೆದು ತಂದಿದ್ದೇನೆ. ಈ ವರ್ಷ ಬೆಂಗಳೂರಿಗೆ ಹೊರಟವರು ಸಭೆ ಮುಗಿದ ಮೇಲೆ ನನ್ನಿಂದ ತೆಗೆದುಕೊಳ್ಳಿ.