ಮಾತ್ರೆ ಬಿಟ್ಟ ಮೇಲೆ

ವರ್ಷಗಟ್ಟಲೆ ನುಂಗುತ್ತಿದ್ದ ನೆಮ್ಮದಿಯ ಮಾತ್ರೆಯನ್ನು ನೀವು ವೈದ್ಯರ ಮಾತಿನಂತೆ ಕ್ರಮವಾಗಿಯೇ ಬಿಟ್ಟಿರಿ ಎನ್ನೋಣ. ಮನೆಮಂದಿಯೆಲ್ಲ ಸಂತೋಷಪಟ್ಟರು. ಆದರೆ ನಾಲ್ಕು ತಿಂಗಳಾದರೂ ನಡುರಾತ್ರಿ ಎಚ್ಚರವಾಗುತ್ತದೆ, ಎದೆ ಡವಗುಟ್ಟುತ್ತದೆ, ಕೈಕಾಲು ಜುಮುಗುಟ್ಟುತ್ತದೆ, ಅಡಿಗೆಮನೆಯಲ್ಲಿ ತಟ್ಟೆ ಬಿದ್ದರೆ ಸಿಡಿಲು ಬಡಿದಂತಾಗುತ್ತದೆ. “ಔಷಧ ಬಿಟ್ಟಾಯಿತಲ್ಲ, ಇನ್ನೇನು?” ಎಂದು ಮನೆಯವರ ಪ್ರಶ್ನೆ. “ಹಳೆಯ ಕಾಯಿಲೆಯೇ ಮರುಕಳಿಸಿತೋ?” ಎಂದು ನಿಮ್ಮ ಪ್ರಶ್ನೆ. ಇವೆರಡಕ್ಕೆ ಉತ್ತರ ಹೇಳುವುದೇ ಈ ಮಾತಿನ ಉದ್ದೇಶ.

ಈ ಬಗೆಯ ಮಾತ್ರೆಗಳಲ್ಲಿ ಮೊದಲನೆಯದಾದ ಲಿಬ್ರಿಯಮ್ ಪೇಟೆಗೆ ಬಂದುದು 1960ರಲ್ಲಿ, ವ್ಯಾಲಿಯಮ್ 1963ರಲ್ಲಿ. ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ಸಹ ಅದೇ ಮನೆತನದವು. ನಮ್ಮ ಮಿದುಳಿನಲ್ಲಿ ಉದ್ವೇಗಕ್ಕೆ ಕಡಿವಾಣ ಹಾಕುವ ಗಾಬಾ ಎಂಬ ರಾಸಾಯನಿಕವಿದೆ. ಮಾತ್ರೆ ಅದಕ್ಕೆ ಒತ್ತಾಸೆ ಕೊಡುತ್ತದೆ. ಈ ಒತ್ತಾಸೆ ದಿನವೂ ದೊರೆತರೆ ಮಿದುಳು ಅದಕ್ಕೆ ಒಗ್ಗಿ, ತನ್ನ ಸ್ವಂತ ಹಿಡಿತವನ್ನು ಸಡಿಲಿಸುತ್ತದೆ. ಮಾತ್ರೆ ನಿಂತ ಮೇಲೆ ಆ ಹಿಡಿತ ಮರಳಿ ಬರಲು ಕಾಲ ಬೇಕು.

ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಪ್ರೊಫೆಸರ್ ಹೆದರ್ ಆಷ್ಟನ್ ಅವರು 1982ರಿಂದ 1994ರ ವರೆಗೆ ಇಂಥವರಿಗಾಗಿಯೇ ಚಿಕಿತ್ಸಾಲಯ ನಡೆಸಿದರು. ಹಲವರ ತೊಂದರೆ ಕೆಲವು ವಾರಗಳಲ್ಲಿ ಇಳಿದರೆ, ಕೆಲವರದು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷ ಮೀರಿಯೂ ಉಳಿಯುವುದನ್ನು ಅವರು ಕಂಡರು. ಅದು ಅಲೆಯಂತೆ ಬಂದು ಹೋಗುತ್ತದೆ. ಸಾಮಾನ್ಯವಾಗಿ ನಡುವಿನ ಒಳ್ಳೆಯ ದಿನಗಳು ಬರಬರುತ್ತ ಹೆಚ್ಚುತ್ತವೆ. ಮಾತ್ರೆಗೆ ಮುಂಚೆ ಇಲ್ಲದಿದ್ದ ಜುಮು, ಕಿವಿಮೊರೆತ ಈಗ ಬಂದಿದ್ದರೆ ಅದು ಹಳೆಯ ಕಾಯಿಲೆಯಾಗಿರಲಾರದು. ಆದರೂ ನಿರ್ಣಯವನ್ನು ವೈದ್ಯರಿಗೇ ಬಿಡಿ.

ನೀವು ಮಾಡಬಹುದಾದುದೇನು? ನಿದ್ರೆ ಬರಲಿ ಬಿಡಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಮದ್ಯ ಬೇಡವೇ ಬೇಡ. ಅದೂ ಗಾಬಾದ ಮೇಲೆಯೇ ಕೆಲಸ ಮಾಡುತ್ತದೆ. ಸಂಜೆ ನಿಧಾನವಾಗಿ ನಡೆದು ಬನ್ನಿ. ಒಳ್ಳೆಯ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೆಟ್ಟ ದಿನ ಅದೇ ನಿಮಗೆ ಸಾಕ್ಷಿ. “ಇವತ್ತೊಂದು ರಾತ್ರಿಗೆ” ಎಂದು ಉಳಿದ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ.

ಇನ್ನೂ ಮಾತ್ರೆ ಸೇವಿಸುತ್ತಿರುವವರು ಇದನ್ನು ಕೇಳಿ ಥಟ್ಟನೆ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. 2025ರ ಅಮೆರಿಕದ ವೈದ್ಯಸಂಘಗಳ ಸೂಚನೆಯಂತೆ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇಕಡಾ 5ರಿಂದ 10ರಷ್ಟು ಇಳಿಸುವುದನ್ನು ಮೊದಲು ಯೋಚಿಸಬೇಕು. ಅದೂ ವೈದ್ಯರ ಕಣ್ಣೆದುರಿನಲ್ಲಿ. ಫಿಟ್ಸ್, ಮತಿಭ್ರಮೆ, ಬದುಕೇ ಬೇಡವೆಂಬ ಯೋಚನೆ—ಇವುಗಳಲ್ಲಿ ಯಾವುದು ಕಂಡರೂ ಆ ಗಳಿಗೆಯೇ ಆಸ್ಪತ್ರೆಗೆ ಹೋಗಬೇಕು. ಮನಸ್ಸಿನ ಸಂಕಟಕ್ಕೆ ಹಗಲಿರುಳೂ ಓಗೊಡುವ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416; ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯವರಿಗೊಂದು ಮಾತು. ಮುರಿದ ಕಾಲು ಕೂಡಿದ ಮೇಲೂ ಮನುಷ್ಯ ಕೆಲವು ಕಾಲ ಕುಂಟುತ್ತಾನೆ. ಅದನ್ನು ನಟನೆಯೆಂದು ನಾವು ಹೇಳುವುದಿಲ್ಲ, ಹೆಗಲು ಕೊಡುತ್ತೇವೆ. ಇಲ್ಲಿಯೂ ಅಷ್ಟೇ ಮಾಡಿ.